ಜೋಳ, ಶೇಂಗಾ ಬೂಷ್ಟು ಹಿಡಿಯದಂತೆ ಒಣಗಿಸುವ ಬಗೆ

ರಾಶಿ ಮಾಡಿದ ಮರುದಿನವೇ ಜೋಳವನ್ನು ಪ್ಲಾಸ್ಟಿಕ್ ಡ್ರಮ್ಮಿಗೆ ತುಂಬಿ, ಮುಚ್ಚಳ ಬಿಗಿದು, ಶ್ರಾವಣದಲ್ಲಿ ತೆರೆದಾಗ ಮುಗ್ಗಲು ವಾಸನೆ ಬಂತೆಂದು ಬೀಜವನ್ನೂ ಗೊಬ್ಬರವನ್ನೂ ಬೈಯುವ ಸೊಸೆಯಂದಿರನ್ನು, ಮಕ್ಕಳನ್ನು ಈಗ ಮನೆಮನೆಯಲ್ಲೂ ಕಾಣುತ್ತಿದ್ದೇನೆ. ನೋಡಿ ನೋಡಿ ಬೇಸತ್ತು ಇದನ್ನು ಬರೆಯುತ್ತಿದ್ದೇನೆ. ಹಸಿ ಕಾಳನ್ನು ಗಾಳಿಯಾಡದ ಕಡೆ ಕೂಡಿಹಾಕಿದರೆ ಅದು ಒಳಗೊಳಗೇ ಬಿಸಿಯಾಗಿ ಬೆವರುತ್ತದೆ, ಬೆವತ ಕಾಳಿಗೆ ಬೂಷ್ಟು ಹಿಡಿಯುತ್ತದೆ. ಅದನ್ನು ತಡೆಯಬೇಕಾದದ್ದು ಕಣದಲ್ಲಿ ಮತ್ತು ಅಂಗಳದಲ್ಲಿ. ಚೀಲದ ಬಾಯಿ ಹೊಲಿದ ಮೇಲೆ ಮಾಡುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ.

ನಮ್ಮ ಕಡೆ ರೊಟ್ಟಿಗೆ ಹಿಂಗಾರಿಯ ಮಾಲದಂಡಿ ಜೋಳವೇ ಆಗಬೇಕೆಂದು ಹಿರಿಯರು ಹಟ ಹಿಡಿಯುತ್ತಿದ್ದುದಕ್ಕೆ ರುಚಿಯೊಂದೇ ಕಾರಣವಲ್ಲ. ಅದು ಬಲಿಯುವುದು ಒಣ ಹವೆಯಲ್ಲಿ. ಮುಂಗಾರಿ ಜೋಳವಾದರೋ ಕಾಳು ಬಲಿಯುವ ಹೊತ್ತಿಗೆ ಮಳೆಗೆ ಸಿಕ್ಕಿ, ತೆನೆಯಲ್ಲಿದ್ದಾಗಲೇ ಗುಲಾಬಿ, ಕಪ್ಪು ಬಣ್ಣದ ಬೂಷ್ಟನ್ನು ಹತ್ತಿಸಿಕೊಳ್ಳುತ್ತದೆ. ಮುಂಗಾರಿ ಬೆಳೆದವರು ಕಾಳಿನ ಬುಡದಲ್ಲಿ ಕರಿ ಚುಕ್ಕೆ ಮೂಡಿದ್ದು ಕಂಡೊಡನೆ ಕೊಯ್ದುಬಿಡಬೇಕು. ಆಳು ಸಿಗಲಿಲ್ಲ, ಯಂತ್ರ ಬರಲಿಲ್ಲ ಎಂದು ತೆನೆಯನ್ನು ಮಳೆಯಲ್ಲಿ ನಿಲ್ಲಿಸಬಾರದು. 1995ರಲ್ಲಿ ಕರ್ನಾಟಕ ಮತ್ತು ಆಂಧ್ರದ ಕೆಲವು ಹಳ್ಳಿಗಳಲ್ಲಿ ಅಕಾಲದ ಮಳೆಗೆ ನೆನೆದು ಬೂಷ್ಟು ಹಿಡಿದ ಜೋಳ, ಮೆಕ್ಕೆಜೋಳ ತಿಂದವರು ಹೊಟ್ಟೆನೋವು, ಭೇದಿಯಿಂದ ನರಳಿದರು. ಕಾಳಿನೊಳಗೆ ಶಿಲೀಂಧ್ರ ಬಿಟ್ಟ ಫ್ಯುಮೋನಿಸಿನ್ ಎಂಬ ವಿಷವೇ ಅದಕ್ಕೆ ಕಾರಣವೆಂದು ವಿಜ್ಞಾನಿಗಳು ಕಂಡುಕೊಂಡರು.

ಒಣಗಿಸುವುದು ನಿಮಗೆ ಗೊತ್ತಿರುವ ಕೆಲಸವೇ. ತೆಳುವಾಗಿ ಹರಡಿ, ಆಗಾಗ ಕಾಲಿನಿಂದ ಸಾಲು ಎಳೆದು ತಿರುವಿ, ಸಂಜೆ ಮಂಜು ಬೀಳುವ ಮೊದಲು ಗುಡ್ಡೆ ಮಾಡಿ ತಾಡಪತ್ರಿ ಹೊದಿಸಬೇಕು. ಆದರೆ ಒಣಗಿತೋ ಇಲ್ಲವೋ ಎಂದು ತಿಳಿಯುವುದರಲ್ಲಿಯೇ ಎಲ್ಲರೂ ಎಡವುತ್ತಾರೆ. ಮೇಲಿನ ನಾಲ್ಕು ಕಾಳು ಬಾಯಿಗೆ ಹಾಕಿ, ಕಟಕ್ಕೆಂದಿತು ಎಂದು ಚೀಲ ತರಿಸುತ್ತಾರೆ. ನನಗೆ ನಂಬಿಕೆಯಿರುವುದು ಉಪ್ಪಿನ ಬಾಟಲಿಯಲ್ಲಿ.

ಅಗಲ ಬಾಯಿಯ, ಬಿಗಿ ಮುಚ್ಚಳದ ಗಾಜಿನ ಬಾಟಲಿಯೊಂದನ್ನು ಈ ಕೆಲಸಕ್ಕೆಂದೇ ತೆಗೆದಿಡಿ. ತೊಳೆದ ಮೇಲೆ ಬಟ್ಟೆಯಿಂದ ಒರೆಸಿದರೆ ಸಾಲದು, ಒಂದು ಹಗಲು ಬಿಸಿಲಿನಲ್ಲಿ ಬಾಯಿ ತೆರೆದು ಇಡಬೇಕು. ಪುಡಿ ಉಪ್ಪನ್ನು ಒಣ ಹಂಚಿನ ಮೇಲೆ ಹಾಕಿ, ಬೆರಳಿಗೆ ಮರಳಿನಂತೆ ಜಾರುವವರೆಗೆ ಬಾಡಿಸಿ, ಆರಿದ ಕೂಡಲೇ ಡಬ್ಬಿಯಲ್ಲಿ ಮುಚ್ಚಿಡಿ. ಅಡುಗೆಮನೆಯ ಉಪ್ಪಿನ ಮರಿಗೆಯಿಂದ ನೇರವಾಗಿ ಎತ್ತಿಕೊಂಡ ಉಪ್ಪು ತಾನೇ ಹಸಿಯಾಗಿರುತ್ತದೆ, ಅದು ಏನನ್ನೂ ಹೇಳುವುದಿಲ್ಲ. ಕಾಳನ್ನು ರಾಶಿಯ ಮೇಲಿನಿಂದ ತೆಗೆಯಬೇಡಿ. ಮೊಣಕೈವರೆಗೆ ಕೈ ತೂರಿಸಿ ನಡುವಿನದೊಂದು ಹಿಡಿ, ನೆಲಕ್ಕೆ ತಾಗಿರುವುದೊಂದು ಹಿಡಿ ತೆಗೆದು, ನೆರಳಿನಲ್ಲಿ ಬಿಸಿ ಪೂರ್ತಿ ಆರಲು ಬಿಡಿ. ಬಾಟಲಿಯ ಮೂರನೆಯ ಒಂದು ಭಾಗದಷ್ಟು ಕಾಳು ಹಾಕಿ, ಮೇಲೆ ಎರಡು ಚಿಟಿಕೆ ಉಪ್ಪು ಉದುರಿಸಿ, ಮುಚ್ಚಳ ಬಿಗಿದು, ಒಂದು ನಿಮಿಷ ಚೆನ್ನಾಗಿ ಕುಲುಕಿ. ಕುಲುಕಿದ ಕೂಡಲೇ ನೋಡುವ ಅವಸರ ಬೇಡ. ಕಾಲು ಗಂಟೆ ಹಾಗೆಯೇ ಇಟ್ಟು, ಅನಂತರ ಕಿಟಕಿಯ ಬೆಳಕಿಗೆ ಹಿಡಿಯಿರಿ. ಗಾಜಿನ ಒಳಮೈಗೆ ಉಪ್ಪಿನ ಕಣಗಳು ಬಿಳಿ ಚುಕ್ಕೆಗಳಾಗಿ ಅಂಟಿಕೊಂಡಿದ್ದರೆ ಕಾಳು ಇನ್ನೂ ಹಸಿ. ಉಪ್ಪೆಲ್ಲ ತಳಕ್ಕೆ ಇಳಿದು ಗಾಜು ತಿಳಿಯಾಗಿದ್ದರೆ ತೇವ ಶೇಕಡಾ 15ಕ್ಕಿಂತ ಕೆಳಗೆ ಬಂದಿದೆಯೆಂದು ತಿಳಿಯಿರಿ. ಅಷ್ಟಕ್ಕೇ ಹಿಗ್ಗಬೇಡಿ, ಮಳೆಗಾಲ ದಾಟಿಸಬೇಕಾದ ಜೋಳದ ತೇವ 12ಕ್ಕೆ ಇಳಿದಿರಬೇಕು, ಆದ್ದರಿಂದ ಬಾಟಲಿ ತಿಳಿಯಾದ ಮೇಲೆಯೂ ಎರಡು ಒಳ್ಳೆಯ ಬಿಸಿಲು ಕಾಣಿಸಿ.

ಬಿಸಿಲಿನಿಂದ ಎತ್ತಿದ ಕಾಳನ್ನು ಬಿಸಿಬಿಸಿಯಾಗಿ ಚೀಲಕ್ಕೆ ತುಂಬಬಾರದು, ರಾತ್ರಿ ಮನೆಯೊಳಗೆ ಹರಡಿ ಆರಿಸಿ ಬೆಳಿಗ್ಗೆ ತುಂಬಿ. ಗಿರಣಿಯಿಂದ ಬಂದ ಹಿಟ್ಟಿಗೂ ಇದೇ ಮಾತು; ಬಿಸಿ ಹಿಟ್ಟನ್ನು ಡಬ್ಬಿಗೆ ಸುರಿದು ಮುಚ್ಚಿ, ನಾಲ್ಕು ದಿನಕ್ಕೆ ಗಂಟುಗಟ್ಟಿತೆಂದು ಗಿರಣಿಯವರ ಮೇಲೆ ಹರಿಹಾಯುವುದು ಯಾವ ನ್ಯಾಯ? ಚೀಲಗಳ ಕೆಳಗೆ ಹಲಗೆ ಇರಲಿ, ಗೋಡೆಗೆ ಒಂದು ಗೇಣು ದೂರವಿರಲಿ. ಬೇವಿನ ಸೊಪ್ಪನ್ನು ಹಸಿಯಾಗಿಯೇ ಕಾಳಿನೊಳಗೆ ತುರುಕುವುದನ್ನು ಮೊದಲು ಬಿಡಿ. ಒಣ ಬೇವು ಹುಳುವಿಗೆ ಒಳ್ಳೆಯದು, ಹಸಿ ಬೇವು ಕಾಳಿಗೆ ತೇವ ಕೊಡುತ್ತದೆ.

ನಮ್ಮ ಅತ್ತೆಯವರ ಕಾಲದಲ್ಲಿ ಜೋಳ ಹಗೇವಿನಲ್ಲಿರುತ್ತಿತ್ತು. ನೆಲದೊಳಗಿನ ಆ ಗುಂಡಿಯ ತಳಕ್ಕೂ ಗೋಡೆಗೂ ಒಣ ಕಣಿಕೆ (ಜೋಳದ ದಂಟು) ಹಾಸಿ, ಚೆನ್ನಾಗಿ ಒಣಗಿಸಿದ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗಿನ ಕಾಳು ಉಸಿರಾಡಿ ಗಾಳಿಯ ಪ್ರಾಣವಾಯುವೆಲ್ಲ ತೀರಿದ ಮೇಲೆ ಹುಳುವೂ ಬದುಕುತ್ತಿರಲಿಲ್ಲ, ಬೂಷ್ಟೂ ಹಬ್ಬುತ್ತಿರಲಿಲ್ಲ. ತೆರೆದ ದಿನ ಯಾರನ್ನೂ ಇಳಿಯಗೊಡದೆ ಅತ್ತೆಯವರು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡಿಸುತ್ತಿದ್ದರು, ದೀಪ ಆರಿದರೆ ಆ ದಿನ ಕೆಲಸವಿಲ್ಲ. ಗೋಡೆಗೆ ತಾಗಿ ಕಪ್ಪಾದ ಕಾಳನ್ನು ಅವರೇ ಬೇರೆ ಬುಟ್ಟಿಗೆ ತೆಗೆಸಿ ಹೊರಗೆ ಹಾಕಿಸುತ್ತಿದ್ದರು. ಬರಗಾಲದಲ್ಲಿಯೂ ಅದನ್ನು ಒಳ್ಳೆಯ ಜೋಳದಲ್ಲಿ ಬೆರೆಸಲು ಬಿಟ್ಟವರಲ್ಲ.

ಶೇಂಗಾದ ವಿಷಯದಲ್ಲಿ ನನಗೆ ಸಿಟ್ಟು ಇನ್ನೂ ಹೆಚ್ಚು. ಬಳ್ಳಿ ಕಿತ್ತ ಮೇಲೆ ಕಾಯಿ ಮೇಲಕ್ಕೆ, ಸೊಪ್ಪು ಕೆಳಕ್ಕೆ ಬರುವಂತೆ ಸಾಲು ಹಾಕಿ ಒಣಗಿಸಬೇಕು. ಕಳೆ ತೆಗೆಯುವ ಕುರ್ಚಿಗಿಗೆ ತಾಗಿ ಒಡೆದ ಕಾಯಿಯನ್ನು ಆರಿಸಿ ತೆಗೆಯಬೇಕು, ಶಿಲೀಂಧ್ರ ಒಳನುಗ್ಗುವುದು ಆ ಗಾಯದಿಂದಲೇ. ಅಲುಗಿಸಿದರೆ ಗಲಗಲ ಎನ್ನುವ, ಉಜ್ಜಿದರೆ ಕೆಂಪು ಸಿಪ್ಪೆ ಬಿಡುವ ಹಂತಕ್ಕೆ ಒಣಗಿಸಿ ಕಾಯಿಯಾಗಿಯೇ ಇಟ್ಟು, ಬೇಕಾದಾಗ ಬೇಕಾದಷ್ಟೇ ಸುಲಿಯಿರಿ. ಬೆರಳು ನೋಯುತ್ತದೆಂದು ಕಾಯಿಗೆ ನೀರು ಚಿಮುಕಿಸಿ ಸುಲಿಯುವ ಅಭ್ಯಾಸ ಈಚೆಗೆ ಎಲ್ಲೆಡೆ ಕಾಣುತ್ತಿದೆ. ಇಷ್ಟು ದಿನ ಒಣಗಿಸಿದ್ದೆಲ್ಲ ಆ ಒಂದು ಚೊಂಬು ನೀರಿನಲ್ಲಿ ಹೋಯಿತು! ಒದ್ದೆಯಾದ ಬೀಜದ ಮೇಲೆ ಹಳದಿ ಮಿಶ್ರಿತ ಹಸಿರು ಬೂಷ್ಟು ಬಂದರೆ ಅದು ಅಫ್ಲಾಟಾಕ್ಸಿನ್ ಎಂಬ, ಯಕೃತ್ತನ್ನು ಕೆಡಿಸುವ ವಿಷವನ್ನು ಬಿಡಬಲ್ಲದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತದ್ದು ಇಂಥ ಶೇಂಗಾ ಹಿಂಡಿ ತಿಂದು. 1974ರಲ್ಲಿ ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲಿ ಇದೇ ವಿಷ ಸೇರಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ತೀರಿಕೊಂಡರು.

ಹುರಿದರೆ ಸರಿಹೋಗುತ್ತದೆ ಎನ್ನಬೇಡಿ, ಮನೆಯ ಹುರಿತಕ್ಕೂ ಕುದಿತಕ್ಕೂ ಈ ವಿಷ ಪೂರ್ತಿ ಹೋಗುವುದಿಲ್ಲ. ಗಾಣಕ್ಕೆ ಹಾಕಿದರೆ ಶುದ್ಧೀಕರಿಸದ ಎಣ್ಣೆಯಲ್ಲಿಯೂ ಹಿಂಡಿಯಲ್ಲಿಯೂ ಉಳಿಯುತ್ತದೆ. ಎಮ್ಮೆಗೆ ಹಾಕಿದರಾಯಿತು ಎನ್ನುವವರು ತಿಳಿಯಬೇಕು, ಅದು ಹಾಲಿನಲ್ಲಿ ಇಳಿದು ಮಕ್ಕಳ ಲೋಟಕ್ಕೇ ಬರುತ್ತದೆ. ಸುಕ್ಕಿದ, ಬಣ್ಣಗೆಟ್ಟ, ಕಹಿ ಹತ್ತಿದ ಬೀಜವನ್ನು ಮೊರದಲ್ಲಿ ಕೇರಿದ ಮೇಲೆ ಕೈಯಿಂದಲೂ ಒಮ್ಮೆ ಆರಿಸಿ ತೆಗೆದುಹಾಕಿ.

ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆಯಾದರೂ ಚೀಲದ ನಡುವಿಗೆ ಕೈ ಹಾಕಿ ನೋಡಿ. ಒಳಗೆ ಬೆಚ್ಚಗಿದ್ದರೆ, ಕಾಳು ಮುದ್ದೆಗಟ್ಟಿದ್ದರೆ ಅಂದೇ ಹೊರಗೆ ಸುರಿಯಿರಿ. ಬೂಷ್ಟು ಕಾಣದೆ ಬರಿಯ ತೇವವಿದ್ದರೆ ಮತ್ತೆ ಒಣಗಿಸಬಹುದು. ಬೂಷ್ಟು ಕಂಡದ್ದನ್ನು ಮೂಗಿಗೆ ಬಟ್ಟೆ ಕಟ್ಟಿಕೊಂಡು ಎತ್ತಿ, ದನ, ಕೋಳಿ, ನಾಯಿಗೆ ಸಿಗದಂತೆ ಆಳವಾಗಿ ಹೂಳಿಬಿಡಿ, ಆ ಚೀಲವನ್ನು ಮತ್ತೆ ಕಾಳಿಗೆ ಬಳಸಬೇಡಿ.