ಮರಳಿನ ಪೆಟ್ಟಿಗೆಯಲ್ಲಿ ಪರ್ವತಶ್ರೇಣಿ ಎಬ್ಬಿಸುವ ಬಗೆ

ಭೂಫಲಕ (ಭೂಮಿಯ ಹೊರಚಿಪ್ಪಿನ ಬೃಹತ್ ತುಂಡು) ಒತ್ತಡಕ್ಕೆ ಸಿಕ್ಕಾಗ ಬಂಡೆ ಹೇಗೆ ಬಾಗುತ್ತದೆ, ಹೇಗೆ ಮುರಿದು ಒಂದರ ಮೇಲೊಂದು ಏರುತ್ತದೆ ಎಂಬುದು ಪುಸ್ತಕದ ಚಿತ್ರಕ್ಕಿಂತ ಮರಳಿನಲ್ಲಿ ಚೆನ್ನಾಗಿ ತಿಳಿಯುತ್ತದೆ. 1880ರ ದಶಕದಲ್ಲೇ ಸ್ಕಾಟ್ಲೆಂಡಿನ ಭೂವಿಜ್ಞಾನಿ ಹೆನ್ರಿ ಕ್ಯಾಡೆಲ್ ಇಂಥ ಪ್ರಯೋಗ ಮಾಡಿದ್ದರು.

60 ಸೆಂ.ಮೀ. ಉದ್ದ, 15 ಸೆಂ.ಮೀ. ಅಗಲ, ಅಷ್ಟೇ ಎತ್ತರದ ಪೆಟ್ಟಿಗೆ ಬೇಕು. ಉದ್ದದ ಒಂದು ಬದಿಯಾದರೂ ಗಾಜಿನದಾಗಿರಲಿ. ಒಳಗೆ ಅಡ್ಡಲಾಗಿ ನಿಂತು ಪೆಟ್ಟಿಗೆಯ ಉದ್ದಕ್ಕೂ ಸರಿದಾಡುವ ಹಲಗೆಯೊಂದನ್ನು ಕೂರಿಸಿ, ಅದರ ಅಂಚಿಗೆ ಬಟ್ಟೆಪಟ್ಟಿ ಅಂಟಿಸಿ. ಇಲ್ಲದಿದ್ದರೆ ಮರಳು ಸಂದಿಯಲ್ಲಿ ಹಿಂದಕ್ಕೆ ಸೋರುತ್ತದೆ. ಜರಡಿ ಹಿಡಿದ ಸಣ್ಣ ಮರಳು 5 ಕಿಲೋ ಸಾಕು. ಅದು ಪೂರ್ತಿ ಒಣಗಿರಲೇಬೇಕು. ತೇವವಿದ್ದರೆ ಕಾಳುಗಳು ಅಂಟಿಕೊಂಡು ಹೆಂಟೆಹೆಂಟೆಯಾಗಿ ಒಡೆಯುತ್ತವೆ, ಸ್ತರಭಂಗ (ಪದರಗಳು ಮುರಿದು ಸರಿದ ಬಿರುಕು) ಕಾಣುವುದೇ ಇಲ್ಲ.

ಮರಳನ್ನು ಒಂದೇ ಎತ್ತರದಿಂದ ಸಮನಾಗಿ ಉದುರಿಸಿ 5 ಮಿ.ಮೀ. ದಪ್ಪದ ಆರು ಪದರ ಹಾಕಿ. ಪ್ರತಿ ಪದರದ ಮೇಲೂ ಬಣ್ಣದ ಸೀಮೆಸುಣ್ಣದ ಪುಡಿಯನ್ನು ತೆಳ್ಳಗೆ ಚಿಮುಕಿಸಿ. ಈಗ ಹಲಗೆಯನ್ನು ಒಂದೊಂದೇ ಸೆಂ.ಮೀ. ನೂಕಿ, ಪ್ರತಿ ಸಲವೂ ಗಾಜಿನ ಕಡೆಯಿಂದ ಫೋಟೋ ತೆಗೆಯಿರಿ.

ಮೊದಲು ಹಲಗೆಯ ಹತ್ತಿರ ಮರಳು ಉಬ್ಬುತ್ತದೆ. ಆಮೇಲೆ ಬಣ್ಣದ ಗೆರೆಗಳು ಓರೆಯಾಗಿ ತುಂಡಾಗಿ, ಹಿಂದಿನ ಭಾಗ ಮುಂದಿನದರ ಮೇಲೆ ಹತ್ತುತ್ತದೆ. ಫೋಟೋದ ಮೇಲೆ ಕೋನಮಾಪಕ ಇಟ್ಟು ಅಳೆಯಿರಿ: ಹೊಸದಾಗಿ ಹುಟ್ಟಿದ ಬಿರುಕು ಪೆಟ್ಟಿಗೆಯ ತಳಕ್ಕೆ ಸುಮಾರು 30 ಡಿಗ್ರಿ ಓರೆಯಾಗಿರುತ್ತದೆ. ಅತಿ ಹೆಚ್ಚಿನ ಒತ್ತಡ ಅಡ್ಡಲಾಗಿ ಬರುವುದರಿಂದ, ಕಾಳುಗಳ ಘರ್ಷಣೆಗೆ ಈ ಕೋನದಲ್ಲಿ ಜಾರುವುದೇ ಸುಲಭ. ಹಲಗೆಯನ್ನು ನೂಕುವ ಬದಲು ಹಿಂದಕ್ಕೆ ಎಳೆದರೆ ಸ್ತರಭಂಗ 60 ಡಿಗ್ರಿಗೆ ಹತ್ತಿರ, ಕಡಿದಾಗಿ ಮೂಡುತ್ತದೆ. ಬಿರುಕಿನ ಮೇಲೆ ಏರಿ ಹೋಗುವ ಪದರಗಳು ಕಮಾನಿನಂತೆ ಬಾಗುವುದನ್ನು ಮರೆಯದೆ ಗಮನಿಸಿ. ಮಡಿಕೆಯೂ ಸ್ತರಭಂಗವೂ ಜೊತೆಜೊತೆಗೇ ಬೆಳೆಯುತ್ತವೆ.

ನೂಕುತ್ತಾ ಹೋದಂತೆ ಹೊಸ ಬಿರುಕುಗಳು ಹಲಗೆಯಿಂದ ದೂರಕ್ಕೆ, ಒಂದರ ಮುಂದೊಂದು ಹುಟ್ಟುತ್ತವೆ. ಹಿಮಾಲಯದಲ್ಲೂ ದೊಡ್ಡ ಸ್ತರಭಂಗಗಳು ಉತ್ತರದಿಂದ ದಕ್ಷಿಣಕ್ಕೆ ಬಂದಂತೆ ಕಿರಿಯವಾಗಿರುವುದು ಇದೇ ಕಾರಣಕ್ಕೆ. ತಳಕ್ಕೆ ಮರಳು ಕಾಗದ ಅಂಟಿಸಿ ಮತ್ತೆ ಮಾಡಿ: ರಾಶಿ ಕಡಿದಾಗುತ್ತದೆ, ಬಿರುಕುಗಳು ಒತ್ತಾಗುತ್ತವೆ. ತಳ ನುಣುಪಾಗಿದ್ದರೆ ರಾಶಿ ತಗ್ಗಾಗಿ ದೂರ ಹರಡುತ್ತದೆ. ಯುರೋಪಿನ ಜೂರಾ ಪರ್ವತಗಳಲ್ಲಿ ಉಪ್ಪು ಮತ್ತು ಜಿಪ್ಸಮ್ ಪದರಗಳು ಇಂಥ ಜಾರುವ ತಳವಾಗಿವೆ.

ಒಂದು ಮಿತಿಯಿದೆ. ಮರಳು ಮೇಲ್ಭಾಗದ ತಣ್ಣನೆಯ ಬಂಡೆಯನ್ನು ಮಾತ್ರ ಹೋಲುತ್ತದೆ. ಆಳದಲ್ಲಿ ಬಂಡೆ ಬಿಸಿಗೆ ಮುರಿಯದೆ ನಿಧಾನವಾಗಿ ಹರಿಯುತ್ತದೆ. ಆ ಬಗೆಯ ಮಡಿಕೆಗೆ ಮೆತ್ತನೆಯ ಜೇಡಿಯ ಪದರಗಳೇ ಸರಿ.

ಗಾಜಿನ ಬದಿಯನ್ನಷ್ಟೇ ನಂಬಬೇಡಿ. ಅಲ್ಲಿ ಮರಳು ಗಾಜಿಗೆ ಉಜ್ಜಿ ಹಿಂದುಳಿಯುವುದರಿಂದ ಬಿರುಕು ಸ್ವಲ್ಪ ತಿರುಚಿ ಕಾಣುತ್ತದೆ. ಕೊನೆಗೆ ರಾಶಿಯ ಮೇಲೆ ನೀರನ್ನು ಮಂಜಿನಂತೆ ಸಿಂಪಡಿಸಿ, ತಳದವರೆಗೆ ಇಳಿಯಲು ಬಿಡಿ. ನಂತರ ತೆಳುವಾದ ಚಾಕುವಿನಿಂದ ನೂಕಿದ ದಿಕ್ಕಿಗೇ ನಡುವೆ ಸೀಳಿ, ಅಲ್ಲಿಯ ಕೋನಗಳನ್ನೇ ಬರೆದುಕೊಳ್ಳಿ.