ಟೀಮಿನಲ್ಲಿ ಕೋಪ ಕೈಮೀರುವ ಮೊದಲು ಇಎಪಿ ಬಳಸುವುದು ಹೇಗೆ?

ಎಂಪ್ಲಾಯಿ ಅಸಿಸ್ಟೆನ್ಸ್ ಪ್ರೋಗ್ರಾಂ, ಅಂದರೆ ಇಎಪಿ, ಎಷ್ಟೋ ಕಂಪನಿಗಳಲ್ಲಿ ಇದೆ. ಕಷ್ಟದಲ್ಲಿರುವ ಉದ್ಯೋಗಿಗಳು ಕೌನ್ಸೆಲರ್ ಜೊತೆ ಗುಟ್ಟಾಗಿ ಮಾತಾಡಲು ಕಂಪನಿ ಮಾಡಿಕೊಟ್ಟ ವ್ಯವಸ್ಥೆ ಇದು. ಅದರ ನಂಬರ್ ಎಲ್ಲೋ ಒಂದು ಪೋಸ್ಟರಿನ ಮೂಲೆಯಲ್ಲಿ ಸುಮ್ನೆ ಕೂತಿರುತ್ತದೆ. ನೀವು ಟೀಮ್ ನಡೆಸುವವರಾದರೆ ಇವತ್ತೇ ಆ ನಂಬರ್ ಸೇವ್ ಮಾಡಿಕೊಳ್ಳಿ. ಅದು ಕಷ್ಟದಲ್ಲಿರುವ ಉದ್ಯೋಗಿಗೆ ಮಾತ್ರ ಅಲ್ಲ, ಅವರನ್ನು ಹೇಗೆ ಮಾತಾಡಿಸಲಿ ಅಂತ ತಲೆ ಕೆಡಿಸಿಕೊಂಡ ಮ್ಯಾನೇಜರ್ ಕೂಡ ಫೋನ್ ಮಾಡಿ ಸಲಹೆ ಕೇಳಬಹುದು.

ಏಟು ಬೀಳುವ ಮುಂಚೆ ಎಷ್ಟೋ ಸಲ ಸುಳಿವು ಸಿಗುತ್ತದೆ. ನೋಡಬೇಕಾದ್ದು ಸ್ವಭಾವವನ್ನಲ್ಲ, ಬದಲಾವಣೆಯನ್ನು. ಎಲ್ಲರ ಜೊತೆ ನಗ್ತಾ ಇದ್ದವರು ಒಬ್ಬರ ಮೇಲೆ ಹಗೆ ಕಟ್ಟಿಕೊಂಡು ದಿನಾ ಅದನ್ನೇ ಆಡುತ್ತಿದ್ದರೆ ಕಾಯಬೇಡಿ. ಒಬ್ಬರನ್ನೇ ಪಕ್ಕಕ್ಕೆ ಕರೆದು, ಕಣ್ಣಾರೆ ಕಂಡದ್ದನ್ನಷ್ಟೇ ಹೇಳಿ: "ಇವತ್ತು ಮೀಟಿಂಗಿನಲ್ಲಿ ಫೈಲ್ ಎಸೆದಿರಿ. ಇದು ಇಲ್ಲಿ ನಡೆಯುವುದಿಲ್ಲ. ಏನಾದರೂ ತೊಂದರೆ ಇದ್ದರೆ ಇಎಪಿ ಕೌನ್ಸೆಲರ್ ಹತ್ತಿರ ಮಾತಾಡಿ." "ನಿಮಗೆ ಡಿಪ್ರೆಶನ್ ಇರಬೇಕು" ಅಂತ ಮಾತ್ರ ಹೇಳಬೇಡಿ. ನೀವು ಡಾಕ್ಟರ್ ಅಲ್ಲ, ಅಲ್ವಾ?

ಜನ ಹೋಗದಿರಲು ದೊಡ್ಡ ಕಾರಣ, ಹೇಳಿದ್ದೆಲ್ಲ ಎಚ್‌ಆರ್ ಕಿವಿಗೆ ಬೀಳುತ್ತದೆ ಅನ್ನುವ ಭಯ. ಕೌನ್ಸೆಲಿಂಗ್ ಗುಟ್ಟಾಗಿಯೇ ಇರುತ್ತದೆ. ಆದರೆ ಮಾತಾಡಲು ಬಂದವರ ಅಥವಾ ಬೇರೆಯವರ ಜೀವಕ್ಕೆ ಅಪಾಯ ಅಂತ ಕಂಡಾಗ ಕೌನ್ಸೆಲರ್ ಸುಮ್ಮನಿರುವುದಿಲ್ಲ, ಇದನ್ನೂ ಮೊದಲೇ ಹೇಳಿಬಿಡಿ.

ಮ್ಯಾನೇಜರುಗಳು ಜಾಸ್ತಿ ಎಡವುವುದು ಇಲ್ಲಿ: ಯಾರೋ "ನೋಡಿಕೋ, ಕೊಂದುಬಿಡ್ತೀನಿ" ಅಂದಾಗ ಇಎಪಿಗೆ ಕಳಿಸಿ ಕೈ ತೊಳೆದುಕೊಳ್ಳುವುದು. ಕೌನ್ಸೆಲಿಂಗಿಗೂ ಅಪಾಯ ಎಷ್ಟಿದೆ ಅಂತ ಅಳೆಯುವುದಕ್ಕೂ ತುಂಬಾ ವ್ಯತ್ಯಾಸ ಇದೆ. ನೇರ ಬೆದರಿಕೆ ಬಂದರೆ ಎಚ್‌ಆರ್ ಮತ್ತು ಸೆಕ್ಯೂರಿಟಿ ತಕ್ಷಣ ಕೂತು ನಿರ್ಧರಿಸಬೇಕು, ಕೈಯಲ್ಲಿ ಆಯುಧ ಕಂಡರೆ ಮೊದಲ ಫೋನ್ ಪೊಲೀಸರಿಗೆ. ಶಿಸ್ತು ಕ್ರಮವೂ ಅದರ ಪಾಡಿಗೆ ನಡೆಯಲಿ, ಇಎಪಿಗೆ ಹೋದರು ಅಂತ ಅದು ಮಾಫಿ ಆಗುವುದಿಲ್ಲ.

ಹಿಂಸೆ ಮನೆಯಿಂದಲೂ ಹಿಂಬಾಲಿಸಿ ಬರುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2019ರ 190ನೇ ಒಪ್ಪಂದ ಇದನ್ನು ಕೆಲಸದ ಜಾಗಕ್ಕೂ ಸೇರಿದ ವಿಷಯ ಅಂತಲೇ ನೋಡುತ್ತದೆ. ಟೀಮಿನ ಒಬ್ಬಾಕೆಯನ್ನು ಹೊಡೆಯುವ ಗಂಡ ಆಫೀಸಿನ ಗೇಟಿನ ಹತ್ತಿರ ಬಂದು ನಿಲ್ಲುತ್ತಿದ್ದರೆ, ಇಎಪಿ ಆಕೆಯ ಜೊತೆ ಕೂತು ಸುರಕ್ಷತೆಗೆ ಪ್ಲಾನ್ ಮಾಡಬಹುದು. ಶಿಫ್ಟ್ ಬದಲಿಸುವುದು, ಆಕೆ ಒಪ್ಪಿದರೆ ಅವನ ಫೋಟೋ ಸೆಕ್ಯೂರಿಟಿಗೆ ಕೊಡುವುದು ನಿಮ್ಮ ಕೆಲಸ.

ಯಾರನ್ನಾದರೂ ಕೆಲಸದಿಂದ ತೆಗೆಯುವಾಗ ಅವಮಾನ ಆಗದ ಹಾಗೆ ನೋಡಿಕೊಳ್ಳಿ, ಇಎಪಿಯನ್ನು ಇನ್ನೂ ಕೆಲವು ವಾರ ಮುಂದುವರಿಸಲು ಆಗುತ್ತದಾ ಅಂತ ಎಚ್‌ಆರ್‌ ಜೊತೆ ಮಾತಾಡಿ, ಆ ನಂಬರನ್ನು ಬರೆದು ಅವರ ಕೈಗೇ ಕೊಡಿ.