ಆದಿತಾಳಕ್ಕೆ ಹೊಂದಿಸಿದ ಮಳೆಯ ಚಿತ್ರಗಳು

ಅಮೃತವರ್ಷಿಣಿ ರಾಗದ ಪಿಟೀಲು ಧ್ವನಿಮುದ್ರಣವೊಂದಕ್ಕೆ ತೀರ್ಥಹಳ್ಳಿ ಸೀಮೆಯ ಮಳೆಗಾಲವನ್ನು ಎಐ ನೆರವಿನಿಂದ ಚಿತ್ರಿಸಲು ಹೊರಟಾಗ, ಪ್ರಾಂಪ್ಟ್ ಬರೆಯುವುದಕ್ಕೂ ಮೊದಲು ನಾನು ತಾಳ ಹಾಕುತ್ತಾ ಲೆಕ್ಕ ಬರೆದುಕೊಂಡೆ. ಕೃತಿ ಆದಿತಾಳದ್ದು, ನಿಮಿಷಕ್ಕೆ ಸುಮಾರು 80 ಅಕ್ಷರಗಳ, ಅಂದರೆ ತಾಳದ ಎಣಿಕೆಗಳ, ನಡೆ. ವೀಡಿಯೊದಲ್ಲಿ ಸೆಕೆಂಡಿಗೆ 24 ಫ್ರೇಮ್ (ಬಿಡಿ ಚಿತ್ರ) ಎಂದರೆ ಅಕ್ಷರಕ್ಕೆ 18, ತಾಳದ ಒಂದು ಸುತ್ತಾದ ಎಂಟಕ್ಷರದ ಆವರ್ತಕ್ಕೆ 144 ಫ್ರೇಮ್. ಆದರೆ ಕಲಾವಿದರ ನಡೆ ಗಣಕದ ಲೆಕ್ಕಕ್ಕೆ ಸಿಗುವಂಥದ್ದಲ್ಲವಾದ್ದರಿಂದ, ಧ್ವನಿ ಸಂಪಾದನೆಯ ತಂತ್ರಾಂಶವಾದ ಆಡಾಸಿಟಿಯಲ್ಲಿ ಪ್ರತಿ ಸಮಕ್ಕೂ (ಆವರ್ತದ ಮೊದಲ ಪೆಟ್ಟಿಗೂ) ಕಿವಿಯಿಂದಲೇ ಗುರುತು ಹಾಕಿದೆ.

ಚಿತ್ರ ರಚಿಸುವ ಎಐ ಮಾದರಿಯಾದ ಸ್ಟೇಬಲ್ ಡಿಫ್ಯೂಷನ್‌ಗೆ ಜೋಡಿಸುವ, ಚಿತ್ರಗಳನ್ನು ಚಲನಚಿತ್ರವಾಗಿಸುವ ಡಿಫೋರಮ್‌ನಲ್ಲಿ, ಹಿಂದಿನ ಫ್ರೇಮಿನ ಛಾಯೆ ಮುಂದಿನದರಲ್ಲಿ ಎಷ್ಟು ಉಳಿಯಬೇಕೆಂಬುದನ್ನು ಫ್ರೇಮ್ ಸಂಖ್ಯೆಯೊಂದಿಗೆ ಸೂಚಿಸಬಹುದು. ಸಮದಲ್ಲಿ ಮಾತ್ರ ಆ ಪ್ರಮಾಣವನ್ನು ತಗ್ಗಿಸಿದ್ದರಿಂದ ದೃಶ್ಯ ಅಲ್ಲಿಯೇ ಹೊರಳುತ್ತಿತ್ತು. ತಾಳದ ಮೊದಲ ನಾಲ್ಕಕ್ಷರದ ಭಾಗವಾದ ಲಘು ಮುಗಿದು ಎರಡಕ್ಷರದ ದ್ರುತ ಆರಂಭವಾಗುವಲ್ಲಿ ಬೆಳಕನ್ನಷ್ಟೇ ಸ್ವಲ್ಪ ಬದಲಿಸಿದೆ. ಪ್ರತಿ ಪೆಟ್ಟಿಗೂ ಚಿತ್ರ ಕುಣಿಯುವ ವೀಡಿಯೊಗಳು ನನಗೆ ಹಿಡಿಸುವುದಿಲ್ಲ, ಅಂಥವು ಕಣ್ಣನ್ನು ದಣಿಸಿ ಕಿವಿಯನ್ನೂ ಕೆಡಿಸುತ್ತವೆ. ಆಲಾಪನೆಗೆ ತಾಳವಿಲ್ಲ. ಅಲ್ಲಿ ಧ್ವನಿ ವಿಶ್ಲೇಷಣೆಯ ಪೈಥಾನ್ ಸಲಕರಣೆಯಾದ ಲಿಬ್ರೋಸಾ ಬಳಸಿ ನಾದದ ಏರಿಳಿತವನ್ನು ಅಳೆದು, ಅದನ್ನು ಎರಡು ಸೆಕೆಂಡುಗಳ ಸರಾಸರಿಗೆ ತಂದು ನಯಗೊಳಿಸಿ, ಮಂಜಿನೊಳಗೆ ಸಾಗುವ ಕ್ಯಾಮೆರಾದ ವೇಗಕ್ಕೆ ಕಟ್ಟಿದೆ.

ಹೆಚ್ಚು ಕಾಡಿದ್ದು ಮಲೆನಾಡೇ. ಅಡಿಕೆ ತೋಟ ಕೇಳಿದರೆ ತೆಂಗಿನ ಸಾಲು ಬರುತ್ತಿತ್ತು. ಗದ್ದೆಯಲ್ಲಿ ತಲೆ, ಬೆನ್ನು ಮುಚ್ಚುವ ಮಳೆಗಾಪಾದ ಗೊರಬು ಹೊದ್ದು ನಾಟಿ ಮಾಡುವವರನ್ನು ಎಷ್ಟು ವಿವರಿಸಿದರೂ ಅವರ ಕೈಗೊಂದು ಕೊಡೆ ಬಂದುಬಿಡುತ್ತಿತ್ತು. ಬಗ್ಗಿ ಎರಡು ಕೈಯಲ್ಲೂ ಸಸಿ ನೆಡುವವರಿಗೆ ಕೊಡೆ ಹಿಡಿಯಲು ಮೂರನೆಯ ಕೈ ಎಲ್ಲಿಂದ ಬರಬೇಕು! (ಎಐ ಮಾದರಿಯು ಕೆಲವೊಮ್ಮೆ ಅದನ್ನೂ ಒದಗಿಸುತ್ತಿತ್ತು.) ಕೊನೆಗೆ ನಮ್ಮ ತೋಟ, ಗದ್ದೆಗಳಲ್ಲಿ ನಾನೇ ತೆಗೆದ ಫೋಟೊಗಳಿಂದ ಚಿಕ್ಕದೊಂದು ಲೋರಾ (ಮಾದರಿಗೆ ಹೊಸ ವಿಷಯ ಕಲಿಸುವ ಸಣ್ಣ ಸೇರ್ಪಡೆ) ತರಬೇತಿ ಮಾಡಿದೆ. ಒಂದೇ ಕೋನದ ಫೋಟೊಗಳು ಎಷ್ಟಿದ್ದರೂ ಪ್ರಯೋಜನವಿಲ್ಲ. ಗೊರಬನ್ನು ಬೆನ್ನಿನ ಕಡೆಯಿಂದ, ಪಕ್ಕದಿಂದ, ದೂರದಿಂದ ತೋರಿಸಿದ ಮೇಲೆಯೇ ಅದರ ಆಕಾರ ನಿಂತಿತು.

ಆಗುಂಬೆಯ ಕಡೆಯ ಮಳೆಗೆ ಗೆರೆಗಳಂಥ ಹನಿಗಳು ಸಾಲುವುದಿಲ್ಲವೆಂದು, ಹನಿಗಳನ್ನು ಬಿಟ್ಟು, ಹಂಚಿನ ಅಂಚಿನಿಂದ ಇಳಿಯುವ ನೀರನ್ನೂ ಕಾಡನ್ನು ಅಳಿಸುವ ಬಿಳುಪನ್ನೂ ಕೇಳಿದೆ. ಕರೆಂಟು ಹೋಗುವುದು ಖಾತ್ರಿಯಾದ್ದರಿಂದ ಪ್ರತಿ ಫ್ರೇಮನ್ನೂ ಬೇರೆ ಕಡತವಾಗಿ ಉಳಿಸಿ, ನಿಂತಲ್ಲಿಂದ ಮುಂದುವರಿಸುತ್ತಿದ್ದೆ.

ಪಿಟೀಲು ನುಡಿಸುವ ಕೈಗಳನ್ನು ಮಾತ್ರ ಎಐಗೆ ಬಿಡಲಿಲ್ಲ. ಬೆರಳು ಒಂದು ಸ್ವರದ ಮೇಲೆ, ನಾದ ಇನ್ನೊಂದರಲ್ಲಿ ಎಂದಾದರೆ ಸಂಗೀತ ಬಲ್ಲವರು ಮುಂದೆ ನೋಡಲಾರರು. ಕಲಾವಿದರನ್ನೇ ಚಿತ್ರೀಕರಿಸಿ, ಆ ತುಣುಕುಗಳನ್ನು ಚರಣದ ಆರಂಭದಲ್ಲಿ ಸೇರಿಸಿದೆ.